ಬಣ್ಣ ನೋಡಿ ಮೋಸಹೋದೆ

ಬೌಲಿಂಗ್ ಗ್ರೀನ್, ಕೆಂಟಕಿ
ಏಪ್ರಿಲ್ 20

ಅಮ್ಮಾ,

ನಾನು ಚೆನ್ನಾಗಿದ್ದೇನೆ. ನೀನು ಕಳಿಸಿದ ಶೇಂಗಾ ಚಟ್ನಿಪುಡಿ ಡಬ್ಬಿಯ ತಳ ಕಾಣುತ್ತಿದೆ, ಅದರ ಮಾತು ಆಮೇಲೆ. ಈ ವಾರ ನನ್ನ ತಲೆ ತಿಂದದ್ದು ಒಂದು ಬಿಳಿ ಹೂವು.

ಮನೆ ಹಿಂದಿನ ಕಾಡಿನಲ್ಲಿ ಮರಗಳು ಇನ್ನೂ ಪೂರ್ತಿ ಚಿಗುರಿಲ್ಲ, ನೆಲಕ್ಕೆ ಬಿಸಿಲು ಬೀಳುತ್ತದೆ. ಅಷ್ಟರೊಳಗೆ ಅರಳಿಬಿಡುವ ಅವಸರ ವಯೋಲೆಟ್ ಗಿಡಗಳಿಗೆ. ಗೇಣುದ್ದದ ಗಿಡ, ಎಲ್ಲೆಲ್ಲೂ ನೇರಳೆ ಹೂವು. ನಡುವೆ ಒಂದೇ ಕಡೆ ಬೂದಿ ಬೆರೆತಂಥ ಬಿಳಿ, ಗಂಟಲಲ್ಲಿ ಇಂಕು ಹರಡಿದ ಹಾಗೆ ನೀಲಿ ಗೀರು. ಬೇರೆಯೇ ಜಾತಿ ಅಂದುಕೊಂಡೆ. ಪುಸ್ತಕ ತೆಗೆದರೆ ವಯೋಲಾ ಸ್ಟ್ರಿಯಾಟಾ ಸಿಕ್ಕಿತು. ಅದೂ ಬಿಳಿ, ಅದಕ್ಕೂ ಗೀರು. ಡೈರಿಯಲ್ಲಿ ಆ ಹೆಸರು ಬರೆದೂಬಿಟ್ಟೆ.

ಮಾರನೇ ದಿನ ಮಂಡಿಯೂರಿ ಬುಡ ನೋಡಿದೆ. ಸ್ಟ್ರಿಯಾಟಾಗೆ ಎಲೆ ಹೊತ್ತ ಕಾಂಡ ಇರುತ್ತದೆ, ಹೂ ಬರುವುದು ಆ ಕಾಂಡದ ಎಲೆಕಂಕುಳಲ್ಲಿ. ಇದಕ್ಕೆ ಕಾಂಡವೇ ಇಲ್ಲ! ಎಲೆಯ ತೊಟ್ಟು, ಹೂವಿನ ತೊಟ್ಟು ಎಲ್ಲ ಬಿಡಿಬಿಡಿಯಾಗಿ ಶುಂಠಿಯಂಥ ಗಡ್ಡೆಯಿಂದ ಎದ್ದಿವೆ. ಅಕ್ಕಪಕ್ಕದ ಎರಡು ಎಸಳಿಗೆ ಒಳಗಡೆ ಬಿಳಿ ರೋಮದ ಕುಚ್ಚು. (ಅದು ಸ್ಟ್ರಿಯಾಟಾಗೂ ಇದೆ, ಲೆಕ್ಕಕ್ಕಿಲ್ಲ.) ಪಕ್ಕದ ನೇರಳೆ ಹೂವಿನ ಗಿಡ ಕೆದಕಿದೆ. ಗಡ್ಡೆ, ತೊಟ್ಟು, ಹೃದಯದಾಕಾರದ ಎಲೆ, ಎಲ್ಲ ಥೇಟ್ ಹೀಗೇ.

ಅಂದರೆ ಇದು ಇಲ್ಲಿ ಹುಲ್ಲಿನಷ್ಟೇ ಸಾಮಾನ್ಯವಾದ ವಯೋಲಾ ಸೊರೊರಿಯಾ. ಬಣ್ಣ ಮಾತ್ರ ಬೇರೆ. ಈ ರೂಪಕ್ಕೆ ಪ್ರೈಸಿಯಾನಾ ಎನ್ನುತ್ತಾರೆ, ಇದೇ ಊರಿನಲ್ಲಿದ್ದ ಸೇಡಿ ಪ್ರೈಸ್ ಎಂಬ ಸಸ್ಯಶಾಸ್ತ್ರಜ್ಞೆಯ ಹೆಸರು. ಜನರ ಬಾಯಲ್ಲಿ ಕಾನ್ಫೆಡರೇಟ್ ವಯೋಲೆಟ್, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನಿಕರು ತೊಟ್ಟ ಬೂದು ಸಮವಸ್ತ್ರದ ನೆನಪಿಗೆ. ಪಾಪ, ಹೂವಿಗೆ ಆ ಯುದ್ಧದ ಗೊಡವೆ ಯಾಕೋ. ನಾನು ಪ್ರೈಸಮ್ಮನ ಹೂವು ಅಂತಲೇ ಬರೆದುಕೊಂಡಿದ್ದೇನೆ.

ತಾತನಿಗೆ ಹೇಳು, ಹೊಲದ ಬದುವಿನಲ್ಲಿ ಅವರು ತೋರಿಸುತ್ತಿದ್ದ ಪುರುಷರತ್ನವೂ ಇದೇ ಕುಟುಂಬದ್ದು. ಅದರಲ್ಲಿ ಕೆಳಗಿನ ಗುಲಾಬಿ ಎಸಳೊಂದೇ ನಾಲಿಗೆ ಚಾಚಿದಷ್ಟು ದೊಡ್ಡದು, ಮಿಕ್ಕವು ಇದ್ದೂ ಇಲ್ಲದ ಹಾಗೆ. ಇನ್ನೊಂದು ವಿಷಯ ಅವರು ನಂಬಲಿಕ್ಕಿಲ್ಲ. ಬೇಸಿಗೆಯಲ್ಲಿ ಈ ವಯೋಲೆಟ್ ಗಿಡದ ಬುಡದಲ್ಲಿ ಬರುವ ಮೊಗ್ಗು ಅರಳುವುದೇ ಇಲ್ಲ, ಮುಚ್ಚಿಕೊಂಡೇ ಕಾಯಿ ಕಟ್ಟುತ್ತದೆ. ಬೀಜಕ್ಕಂಟಿದ ಕೊಬ್ಬಿನಾಸೆಗೆ ಇರುವೆಗಳು ಅದನ್ನು ಹೊತ್ತೊಯ್ಯುತ್ತವೆ. ಕಂಡರೆ ಫೋಟೊ ಕಳಿಸುತ್ತೇನೆ.

ಆ ಕಡೆಯಿಂದ ಯಾರಾದರೂ ಬರುವವರಿದ್ದರೆ ಚಟ್ನಿಪುಡಿ ಮರೀಬೇಡ. ಈ ಸಲ ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಇರಲಿ.

ನಿನ್ನ ಮಗಳು