ಖಳನ ಮಾತಿನಲ್ಲೂ ನ್ಯಾಯ ಇರಬಾರದೇ?

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ‘ಹೆಲ್‌ಬಾಯ್ 2: ದ ಗೋಲ್ಡನ್ ಆರ್ಮಿ’ ಬಗ್ಗೆ ಬಂದ ಓದುಗರ ಅಭಿಪ್ರಾಯಗಳನ್ನು ಓದಿದೆ. 2008ರ ಚಿತ್ರವೊಂದನ್ನು ಮತ್ತೆ ಎತ್ತಿಕೊಂಡು ಮುಂಬೈ ಕನ್ನಡಿಗರ ಮಾತು ಕೇಳಿದ್ದೀರಿ, ಖುಷಿಯಾಯಿತು. ಆದರೆ ಅಚ್ಚಾದ ಪತ್ರಗಳಲ್ಲಿ ಹೆಚ್ಚಿನವು ಹೇಳುವುದು ಒಂದೇ ಧಾಟಿಯಲ್ಲಿ. ವೇಷಗಳು ಭರ್ಜರಿ, ಕಥೆ ಸಪ್ಪೆ, ಖಳನಾಯಕ ಖಳನ ಥರ ಕಾಣುವುದೇ ಇಲ್ಲ, ಅವನ ಮೇಲೆ ಸಿಟ್ಟೇ ಬರುವುದಿಲ್ಲ. ಮೊದಲ ಎರಡು ಮಾತಿಗೆ ನನ್ನ ತಕರಾರು ಅಷ್ಟೇನಿಲ್ಲ. ಮೂರನೆಯದಕ್ಕೆ ಜಾಸ್ತಿಯೇ ಇದೆ.

ಸಿಟ್ಟು ಬರಬಾರದು ಅಂತಲೇ ಆ ಪಾತ್ರವನ್ನು ಹಾಗೆ ಬರೆದಿರುವುದು. ಚಿತ್ರ ನೋಡದವರಿಗಾಗಿ ಸ್ವಲ್ಪ ಕಥೆ ಹೇಳುತ್ತೇನೆ. ನಾಯಕ ಹೆಲ್‌ಬಾಯ್ ನರಕದಿಂದ ಬಂದು ಮನುಷ್ಯರ ಪರವಾಗಿ ಕಾದಾಡುವ ಜೀವಿ. ಬಹಳ ಹಿಂದೆ ಮನುಷ್ಯರಿಗೂ ಕಾಡಿನ ಮಾಯಾಜನಕ್ಕೂ ಯುದ್ಧ. ಕಾಡಿನ ದೊರೆ ಬಾಲರ್‌ಗೆ ಒಬ್ಬ ಕಮ್ಮಾರ ಎಪ್ಪತ್ತು ಎಪ್ಪತ್ತಲ, ಅಂದರೆ 4,900 ಚಿನ್ನದ ಯಂತ್ರಸೈನಿಕರನ್ನು ಮಾಡಿಕೊಡುತ್ತಾನೆ. ಅವು ನಡೆಸಿದ ಕೊಲೆ ನೋಡಿ ದೊರೆಗೇ ಹೇಸಿಗೆಯಾಗುತ್ತದೆ. ಒಪ್ಪಂದ ಮಾಡಿಕೊಳ್ಳುತ್ತಾನೆ: ಊರು ಮನುಷ್ಯರಿಗೆ, ಕಾಡು ನಮಗೆ. ಸೈನ್ಯವನ್ನು ಎಬ್ಬಿಸುವ ಕಿರೀಟವನ್ನು ಮೂರು ತುಂಡು ಮಾಡಿಡುತ್ತಾರೆ. ದೊರೆಯ ಮಗ ನುವಾದ, ಅಂದರೆ ಈ ಖಳನಾಯಕ, ಇದನ್ನು ಒಪ್ಪದೆ ಹೊರಟುಹೋಗುತ್ತಾನೆ. ನಮ್ಮ ಕಾಲಕ್ಕೆ ಅವನು ಮರಳಿ ಬಂದಾಗ ಕಾಡಿನವರು ಮಾತು ಉಳಿಸಿಕೊಂಡಿದ್ದಾರೆ, ಮನುಷ್ಯರು ಕಾಡಿದ್ದಲ್ಲಿ ಮಾಲು, ಪಾರ್ಕಿಂಗು ಎಬ್ಬಿಸಿದ್ದಾರೆ. ಈಗ ಹೇಳಿ, ಅವನ ದೂರಿನಲ್ಲಿ ಸುಳ್ಳೇನಿದೆ?

ನಾನಿರುವುದು ಗೋರೆಗಾಂವ್ ಪೂರ್ವದಲ್ಲಿ. 2019ರ ಅಕ್ಟೋಬರ್‌ನಲ್ಲಿ ಮರ ಕಡಿಯುವುದರ ವಿರುದ್ಧದ ಅರ್ಜಿಗಳನ್ನು ಹೈಕೋರ್ಟ್ ತಳ್ಳಿಹಾಕಿದ ದಿನ ರಾತ್ರಿಯೇ ಇಲ್ಲಿನ ಆರೆ ಕಾಡಿನಲ್ಲಿ ಮೆಟ್ರೊ 3ರ ಕಾರ್‌ಶೆಡ್‌ಗಾಗಿ ಕೊಡಲಿ ಬಿತ್ತು. ಸುಪ್ರೀಂ ಕೋರ್ಟ್ ತಡೆ ಕೊಡುವಷ್ಟರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮರ ಹೋಗಿತ್ತು. (ಅದೇ ಮೆಟ್ರೊ ಹತ್ತಿ ನಾನೂ ಈಗ ಬಿಕೆಸಿಗೆ, ಅಂದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ, ಹೋಗುತ್ತೇನೆ. ಬೇಗ ತಲುಪುತ್ತೇನೆ ಕೂಡ.) ಈ ಕಡೆಯವರಿಗೆ ನುವಾದನ ಮಾತು ಬರೀ ಸಿನಿಮಾ ಡೈಲಾಗ್ ಆಗಿ ಕೇಳುವುದಿಲ್ಲ. ನನ್ನ ಮಗಳಂತೂ ಮೊದಲರ್ಧದಲ್ಲೇ ಅವನ ಪಕ್ಷ ಸೇರಿಬಿಟ್ಟಳು.

ಇಡೀ ಚಿತ್ರ ನಿಂತಿರುವುದು ಬ್ರೂಕ್ಲಿನ್‌ನ ರಸ್ತೆಯಲ್ಲಿ ನಡೆಯುವ ದೃಶ್ಯದ ಮೇಲೆ. ನುವಾದ ಒಂದು ಸಣ್ಣ ಬೀಜ ಎಸೆಯುತ್ತಾನೆ. ನೀರು ತಾಗಿದ್ದೇ ತಡ, ಅದು ಬೆಳೆದು ಬಿಲ್ಡಿಂಗ್ ಎತ್ತರದ ವನದೇವತೆಯಾಗಿ ನಿಲ್ಲುತ್ತದೆ. ಹೆಲ್‌ಬಾಯ್ ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬಂದೂಕು ಗುರಿಯಿಡುತ್ತಾನೆ. ಆಗ ನುವಾದ ಕೇಳುವ ಪ್ರಶ್ನೆಯ ಸಾರ ಇಷ್ಟು: ಇದರ ಜಾತಿಯಲ್ಲಿ ಇದೇ ಕೊನೆಯದು, ಕೊಂದರೆ ಲೋಕ ಇಂಥದ್ದನ್ನು ಇನ್ನೆಂದೂ ಕಾಣುವುದಿಲ್ಲ, ನಿನಗೂ ಇದಕ್ಕೂ ಇರುವಷ್ಟು ನಂಟು ನಿನಗೂ ಆ ಮನುಷ್ಯರಿಗೂ ಇದೆಯಾ? ಹೆಲ್‌ಬಾಯ್ ತಡವರಿಸುತ್ತಾನೆ. ಕೊನೆಗೆ ಗುಂಡು ಹೊಡೆಯುತ್ತಾನೆ. ದೇವತೆ ಸತ್ತ ಜಾಗದಲ್ಲಿ ಕಾರುಗಳ ಮೇಲೆ, ಡಾಂಬರಿನ ಮೇಲೆ ಪಾಚಿ ಹಬ್ಬಿ ಹೂವು ಬಿಡುತ್ತದೆ. ಮಗುವನ್ನು ತಾಯಿಗೆ ಒಪ್ಪಿಸಿದವನಿಗೆ ಜನ ಕೊಡುವುದು ಬೈಗುಳ, ಕಲ್ಲೇಟು. ಇಲ್ಲಿ ಗೆದ್ದವರು ಯಾರು? ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ, ಮುಂಗಾರಿನಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದು ತಾಳಮದ್ದಲೆ (ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ) ಮಾಡುವಾಗ ನಾವೇ ಹೋಗಿ ಕೂರುತ್ತೇವಲ್ಲ. ಮರದ ಮರೆಯಿಂದ ಬಾಣ ಬಿಟ್ಟದ್ದು ಯಾಕೆ ಎಂದು ವಾಲಿ ಕೇಳಿದಾಗ ಸಭೆ ತಲೆದೂಗುತ್ತದೆ. ವಾಲಿಯ ಮೇಲೆ ಸಿಟ್ಟು ಬರಲಿಲ್ಲ, ಆದ್ದರಿಂದ ಪ್ರಸಂಗ ಕೆಟ್ಟಿತು ಅಂತ ಯಾರಾದರೂ ಎದ್ದು ಹೋಗಿದ್ದಾರಾ? ವಾಲಿಯ ಅರ್ಥ, ಅಂದರೆ ಅವನ ವಾದದ ಮಾತು, ಬಲವಾಗಿದ್ದಷ್ಟೂ ರಾಮನಿಗೆ ಕೆಲಸ ಜಾಸ್ತಿ. ನಿರ್ದೇಶಕ ಗಿಯೆರ್ಮೊ ದೆಲ್ ತೊರೊ ಹೆಲ್‌ಬಾಯ್‌ಗೆ ಕೊಟ್ಟಿರುವುದೂ ಅಂಥದ್ದೇ ಕಷ್ಟ. ನುವಾದ ತಂದೆಯನ್ನೇ ಕೊಂದವನು, ಅದನ್ನು ಚಿತ್ರ ಮುಚ್ಚಿಡುವುದಿಲ್ಲ. ಅವನ ದಾರಿ ತಪ್ಪು, ದೂರು ಸರಿ. ಎರಡನ್ನೂ ಒಟ್ಟಿಗೆ ತೋರಿಸುವ ಧೈರ್ಯ ಕಾಮಿಕ್ಸ್ ಚಿತ್ರಗಳಲ್ಲಿ ಅಪರೂಪ.

ಕಥೆ ಸಪ್ಪೆ ಎನ್ನುವವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಹೆಲ್‌ಬಾಯ್‌ನ ಜೊತೆಗಾರ, ಮೀನಿನಂಥ ಮೈಯ ಏಬ್ ಮತ್ತು ನುವಾದನ ತಂಗಿ ರಾಜಕುಮಾರಿ ನುವಾಲಳ ಪ್ರೀತಿ ತೀರಾ ಅವಸರದ್ದು. ಕುಡಿದು ಹಾಡುವ ದೃಶ್ಯಕ್ಕೆ ನಮ್ಮ ಮನೆಯಲ್ಲಿ ಅರ್ಧ ಜನ ನಕ್ಕರು, ಉಳಿದವರು ಚಹಾಕ್ಕೆ ಎದ್ದರು. ಹೆಸರಿನಲ್ಲೇ ಇರುವ ಚಿನ್ನದ ಸೈನ್ಯ ನಿಜವಾಗಿ ಕಾದಾಡುವುದು ಕೊನೆಯಲ್ಲಿ ಸ್ವಲ್ಪ ಹೊತ್ತು. ಅಷ್ಟೊಂದು ಬಿಲ್ಡಪ್ ಕೊಟ್ಟ ಮೇಲೆ ಇದು ಕಡಿಮೆಯೇ.

ವೇಷಗಳ ಬಗ್ಗೆ ಮಾತ್ರ ಒಬ್ಬರು ‘ಎಲ್ಲ ಕಂಪ್ಯೂಟರ್ ಕೈಚಳಕ’ ಎಂದು ಬರೆದಿದ್ದಾರೆ. ಅದು ಅನ್ಯಾಯ. ಕಂಪ್ಯೂಟರ್ ಕೆಲಸವೂ ಇದೆ, ಆದರೆ ಮಾಯಾಪೇಟೆಯ ದೃಶ್ಯದಲ್ಲಿ ಓಡಾಡುವ ಎಷ್ಟೋ ಜೀವಿಗಳು ಮುಖವಾಡ, ರಬ್ಬರ್ ಮೈ ಹೊತ್ತ ನಟರೇ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ರಾಕ್ಷಸರ ಬಣ್ಣದ ವೇಷಕ್ಕೆ ಮುಖ ಬರೆಯುವವರನ್ನು ಕಂಡವರಿಗೆ ಇದರ ಶ್ರಮ ಗೊತ್ತಾದೀತು. ಮೇಕಪ್ಪಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಸುಮ್ನೆ ಅಲ್ಲ.

‘ಜನರೇ ತಿರಸ್ಕರಿಸಿದ ಚಿತ್ರ’ ಎಂಬ ಮಾತೂ ಪೂರ್ತಿ ಸರಿಯಲ್ಲ. 2008ರ ಜುಲೈ 11ರಂದು ಬಿಡುಗಡೆಯಾದ ಚಿತ್ರ ಮೊದಲ ವಾರಾಂತ್ಯ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಮುಂದಿನ ಶುಕ್ರವಾರ ‘ದ ಡಾರ್ಕ್ ನೈಟ್’ ಬಂತು. ಆಮೇಲೆ ಥಿಯೇಟರಿನಲ್ಲಿ ಬೇರೆ ಯಾರಿಗೂ ಜಾಗ ಉಳಿಯಲಿಲ್ಲ. ಹೆಲ್‌ಬಾಯ್ ಲೋಕಕ್ಕೆ ಕೇಡಾಗುತ್ತಾನೆ ಎಂಬ ಭವಿಷ್ಯವಾಣಿಯನ್ನು ಈ ಭಾಗ ಹಾಗೇ ತೂಗಾಡಲು ಬಿಡುತ್ತದೆ. ‘ಮುಗಿದಂತೆ ಅನ್ನಿಸಲಿಲ್ಲ’ ಎಂದ ಕುರ್ಲಾದ ಓದುಗರಿಗೆ ಕಾರಣ ಇದು: ಮೂರನೆಯ ಭಾಗ ಆಗುವುದಿಲ್ಲವೆಂದು ದೆಲ್ ತೊರೊ 2017ರಲ್ಲಿ ಹೇಳಿಬಿಟ್ಟರು. 2019ರ ಚಿತ್ರ ಬೇರೆ ನಿರ್ದೇಶಕ, ಬೇರೆ ನಾಯಕನದು. ಅದು ಈ ಕಥೆಯ ಮುಂದುವರಿಕೆ ಅಲ್ಲ.

ಇನ್ನೊಂದು ತಿದ್ದುಪಡಿ. ಏಬ್‌ನ ದನಿ ಬದಲಾಗಿ ಮಜಾ ಹೋಯಿತು ಎಂದು ಒಬ್ಬರು ಬರೆದಿದ್ದಾರೆ. ಬದಲಾದದ್ದು ನಿಜ. ಎರಡೂ ಚಿತ್ರಗಳಲ್ಲಿ ಆ ವೇಷದೊಳಗೆ ಇದ್ದವರು ಡಗ್ ಜೋನ್ಸ್. 2004ರ ಮೊದಲ ಭಾಗದಲ್ಲಿ ದನಿ ಮಾತ್ರ ಡೇವಿಡ್ ಹೈಡ್ ಪಿಯರ್ಸ್ ಅವರದು. ಪಾತ್ರ ಜೋನ್ಸ್ ಅವರದೇ ಎಂದು ಪಿಯರ್ಸ್ ತಮ್ಮ ಹೆಸರನ್ನೇ ಹಾಕಿಸಿಕೊಳ್ಳಲಿಲ್ಲ. ಎರಡನೆಯ ಭಾಗದಲ್ಲಿ ಕೇಳುವುದು ಜೋನ್ಸ್ ಅವರ ಸ್ವಂತ ದನಿ. ಓದುಗರ ಅಭಿಪ್ರಾಯದ ಪಕ್ಕದಲ್ಲಿ ಪುರವಣಿಯವರು ಇಂಥ ಮಾಹಿತಿಗೆ ಎರಡು ಸಾಲು ಜಾಗ ಕೊಡಲಿ. ನಕ್ಷತ್ರಗಳ ಚಿತ್ರ ಸ್ವಲ್ಪ ಸಣ್ಣದು ಮಾಡಿದರೆ ಜಾಗ ಆಗುತ್ತದೆ.

— ಒಬ್ಬ ಓದುಗ, ಗೋರೆಗಾಂವ್ ಪೂರ್ವ, ಮುಂಬೈ