ಸೀಟಿ ಊದುವ ಮೊದಲು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಹೈಸ್ಕೂಲಿಗೆ ದೈಹಿಕ ಶಿಕ್ಷಕಿಯಾಗಿ ಹಾಜರಾದ ಸುದ್ದಿ ಕೇಳಿ ನಿನ್ನ ದೊಡ್ಡಮ್ಮ ಪಾಯಸ ಮಾಡಿದಳು. ಸಕ್ಕರೆ ಕಾಯಿಲೆಯವನಾದ ನನಗೆ ಎರಡೇ ಚಮಚ ಸಿಕ್ಕಿತು. ಮೈದಾನದ ತುಂಬ ಪಾರ್ಥೇನಿಯಂ, ಇರುವುದೊಂದು ವಾಲಿಬಾಲ್, ಅದರಲ್ಲೂ ಗಾಳಿ ನಿಲ್ಲುವುದಿಲ್ಲ ಎಂದೆ. ಅದೆಲ್ಲ ಸರಿಹೋಗುತ್ತದೆ. ಫೋನ್ ಇಡುವ ಮೊದಲು ಇನ್ನೊಂದು ಮಾತು ಕೇಳಿದೆಯಲ್ಲ, ಹೋಬಳಿ ಕ್ರೀಡಾಕೂಟಕ್ಕೆ ಇಪ್ಪತ್ತೇ ದಿನ ಉಳಿದಿದೆ, ಗೆಲ್ಲುವ ಮಕ್ಕಳನ್ನು ಬೇಗ ಆರಿಸುವುದು ಹೇಗೆ ಎಂದು? ಅದೇ ನನ್ನ ನಿದ್ದೆ ಕೆಡಿಸಿತು.

ಬೇಗ ಆರಿಸಬೇಡ. ಈ ವರ್ಷದ ಕಪ್ಪನ್ನು ಪಕ್ಕದ ಊರಿನವರು ಒಯ್ಯಲಿ ಬಿಡು. ಸಾಲಾಗಿ ನಿಲ್ಲಿಸಿ 100 ಮೀಟರ್ ಓಡಿಸಿದರೆ ಆಗಲೇ ಓಡಲು ಬಲ್ಲವರಷ್ಟೇ ಕಣ್ಣಿಗೆ ಬೀಳುತ್ತಾರೆ. ಬಿಸಿಯೂಟದ ಗಂಟೆ ಹೊಡೆದಾಗ ತಟ್ಟೆ ಹಿಡಿದು ಹಾರುವಂತೆ ಬರುವವರು ಯಾರು, ಕಾಂಪೌಂಡಿನ ಮುರಿದ ಗೋಡೆಯನ್ನು ಕೈಯೂರದೆ ದಾಟುವವರು ಯಾರು, ತೋಟದ ಮನೆಯಿಂದ ಮೂರು ಮೈಲಿ ನಡೆದು ಬಂದೂ ಏದುಸಿರು ಬಿಡದವರು ಯಾರು, ಒಂದು ತಿಂಗಳು ಬರೀ ನೋಡುತ್ತಿರು.

ಪಿ.ಟಿ. ಉಷಾ ಹೆಸರು ಎಲ್ಲರಿಗೂ ಗೊತ್ತು, ಅವಳನ್ನು ತರಬೇತುಗೊಳಿಸಿದ ಒ.ಎಂ. ನಂಬಿಯಾರ್ ಹೆಸರು ನಮ್ಮ ಕಸುಬಿನವರಿಗಾದರೂ ಗೊತ್ತಿರಬೇಕು. ವಾಯುಪಡೆಯಲ್ಲಿದ್ದು ಬಂದವರು. ಉಷಾ 1976ರಲ್ಲಿ ಕಣ್ಣೂರಿನ ಕ್ರೀಡಾ ಶಾಲೆಗೆ ಸೇರಿದಾಗ ತೆಳ್ಳಗಿನ ಹುಡುಗಿ. ನಂಬಿಯಾರ್ ಅವಳ ಬೆನ್ನಿಗೆ ನಿಂತರು. ಲಾಸ್ ಏಂಜಲೀಸ್ ಒಲಿಂಪಿಕ್ಸ್ ಬಂದದ್ದು 1984ರಲ್ಲಿ, ಎಂಟು ವರ್ಷ ಕಳೆದ ಮೇಲೆ. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ಸಲ. ಮೂರನೆಯವಳು 55.41 ಸೆಕೆಂಡು, ಉಷಾ 55.42. ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಪದಕ ಕೈತಪ್ಪಿತು, ಆದರೂ ಮರುವರ್ಷ ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಸಾಲಿನಲ್ಲೇ ನಂಬಿಯಾರ್ ಇದ್ದರು. (ಏಕಲವ್ಯನ ಹೆಬ್ಬೆರಳು ಕೇಳಿದವನ ಹೆಸರನ್ನು ಈ ಪ್ರಶಸ್ತಿಗೆ ಏಕೆ ಇಟ್ಟರೋ, ನನಗಿನ್ನೂ ಬಗೆಹರಿದಿಲ್ಲ.)

ಹೆಬ್ಬೆರಳು ನಾನೂ ಕೇಳಿದ್ದೇನೆ, ಪುಟ್ಟಿ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನು ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ ಒಬ್ಬ ಹುಡುಗಿ ಸಿಕ್ಕಳು. ಬರಿಗಾಲಿನಲ್ಲಿ ಓಡಿದರೆ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ತಾಲ್ಲೂಕು ಕೂಟದಲ್ಲಿ 100 ಮೀಟರಿನ ಹೀಟ್ಸ್ (ಆಯ್ಕೆಯ ಓಟ), ಫೈನಲ್, 200ರ ಹೀಟ್ಸ್, ಫೈನಲ್ ಎಲ್ಲ ಒಂದೇ ದಿನ. ಮೂರು ಗಂಟೆಯ ಬಿಸಿಲಿನಲ್ಲಿ ಬಂದು, "ಸರ್, ತೊಡೆ ಹಿಡಿದ ಹಾಗಿದೆ" ಎಂದಳು. ಸಮಗ್ರ ಪ್ರಶಸ್ತಿಗೆ ನಮಗೆ ರಿಲೇ ಒಂದೇ ಬಾಕಿ ಇತ್ತು. ನೋವಿನ ಸ್ಪ್ರೇ ಹೊಡೆದು, "ಇನ್ನೊಂದೇ ಸುತ್ತು" ಎಂದೆ. ತಿರುವಿನಲ್ಲಿ ಅವಳು ಕುಂಟಿದ್ದನ್ನು ಕಂಡೆ. ಬ್ಯಾಟನ್ ಕೆಳಗೆ ಹಾಕಲಿಲ್ಲ, ಕೊಟ್ಟೇ ಕುಸಿದಳು. ಗೆದ್ದೆವು. ಗೆದ್ದ ಕಪ್ ಹೆಡ್‌ಮಾಸ್ಟರರ ಬೀರು ಸೇರಿತು, ಅವಳು ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಅವಳ ಮನೆಗೆ ಹೋಗಲು ನನಗೆ ಒಂದು ತಿಂಗಳು ಬೇಕಾಯಿತು. ಅವಳ ತಾಯಿ ಬೈಯಲಿಲ್ಲ, ಮಜ್ಜಿಗೆ ಕೊಟ್ಟರು.

ಅಂದಿನಿಂದ ಸೀಟಿ ಊದುವ ಮೊದಲು ಪ್ರತಿ ಮಗುವನ್ನೂ ಒಂದು ಪ್ರಶ್ನೆ ಕೇಳುತ್ತಿದ್ದೆ: ಬೆಳಿಗ್ಗೆ ಏನು ತಿಂದೆ? ಕೇಳಿ ನೋಡು. ಅರ್ಧದಷ್ಟು ಮಕ್ಕಳು "ಟೀ" ಎನ್ನುತ್ತಾರೆ. ಈಗ ಶಾಲೆಯಲ್ಲೇ ಹಾಲು, ಮೊಟ್ಟೆ, ಬಾಳೆಹಣ್ಣು ಕೊಡುತ್ತಾರೆ; ನಮ್ಮ ಕಾಲದಲ್ಲಿ ಅದಿರಲಿಲ್ಲ. ಆದರೂ ಬರಿಹೊಟ್ಟೆಯ ಮಗುವನ್ನು ಬೆಳಗಿನ ಏಳು ಗಂಟೆಗೆ ಓಡಿಸಬೇಡ. ಒಂದು ಡಬ್ಬಿಯಲ್ಲಿ ಹುರಿಗಡಲೆ, ಬೆಲ್ಲ ಇಟ್ಟುಕೋ. ಖರ್ಚು ನಿನ್ನದೇ ಆಗುತ್ತದೆ, ಬಿಲ್ಲು ಕೊಡಲು ಹೋಗಬೇಡ, ಆಡಿಟ್‌ನವರು ತಲೆ ತಿನ್ನುತ್ತಾರೆ.

ಒಂಬತ್ತನೇ ತರಗತಿಗೆ ಬರುತ್ತಿದ್ದಂತೆ ಹುಡುಗಿಯರು ಮೆಲ್ಲಗೆ ಮೈದಾನದ ಅಂಚಿಗೆ ಸರಿಯುತ್ತಾರೆ. ತಲೆನೋವು ಎನ್ನುತ್ತಾರೆ. ನಾನು ಗಂಡಸು, ಮುಂದೆ ಕೇಳಲಾಗದೆ ಸುಮ್ಮನಾದೆ. ಎಷ್ಟು ಜನರನ್ನು ಹಾಗೆ ಕಳೆದುಕೊಂಡೆನೋ. ನೀನು ಕೇಳಬಲ್ಲೆ. ನಿಕ್ಕರ್ ಬೇಡವೆಂದರೆ ಪ್ಯಾಂಟಿನಲ್ಲೇ ಓಡಲಿ. ಶೌಚಾಲಯದ ಬೀಗದ ಕೈ ನಿನ್ನ ಬಳಿಯೇ ಇರಲಿ, ಅಟೆಂಡರ್ ಬಳಿ ಬೇಡ.

ಟ್ರ್ಯಾಕ್ ಹಾಕಲು ಬರುವುದಿಲ್ಲವೆಂದು ಹೆದರಬೇಡ. ಮೈದಾನ ಚಿಕ್ಕದಾದರೆ 200 ಮೀಟರಿನದೇ ಸಾಕು. ಎರಡೂ ತಿರುವುಗಳ ಕೇಂದ್ರದಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿ ತಿರುವು ಎಳೆ. ಲೇನಿನ ಅಗಲ 1.22 ಮೀಟರ್. ಹೊರಗಿನ ಲೇನಿನ ಸುತ್ತು ಉದ್ದ, ಅದಕ್ಕೇ ಒಂದು ಪೂರ್ತಿ ಸುತ್ತಿನ ಓಟಕ್ಕೆ ಎರಡನೇ ಲೇನಿನವರು 7.04 ಮೀಟರ್ ಮುಂದೆ ನಿಲ್ಲಬೇಕು. ಟ್ರ್ಯಾಕ್ ಚಿಕ್ಕದಿರಲಿ, ದೊಡ್ಡದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಗಣಿತದ ಮೇಷ್ಟರನ್ನು ಕರೆದು ಇದನ್ನು ಮಕ್ಕಳ ಎದುರೇ ಬಿಡಿಸಲು ಹೇಳು. ಆಮೇಲೆ ಅವರು ನಿನ್ನ ಪಿರಿಯಡ್ ಕಸಿಯಲು ಸ್ವಲ್ಪ ಸಂಕೋಚಪಡಬಹುದು.

ನನ್ನ ಹಳೆಯ ಅಳತೆ ಟೇಪನ್ನು ಬಸ್ಸಿನಲ್ಲಿ ಕಳುಹಿಸಿದ್ದೇನೆ, ಕಂಡಕ್ಟರ್ ಕೈಯಿಂದ ಇಸಿದುಕೋ. ಮೊದಲ ಒಂದು ಮೀಟರ್ ಹರಿದುಹೋಗಿದೆ. ಒಂದರಿಂದ ಹಿಡಿದು ಅಳೆ, ಕೊನೆಗೆ ಒಂದನ್ನು ಕಳೆಯಲು ಮರೆಯಬೇಡ.

ಇಂತಿ,
ನಿನ್ನ ದೊಡ್ಡಪ್ಪ