ಕರೆಂಟ್ ತೆಗೆಯುವುದಾದರೆ ಹೇಳಿದ ಹೊತ್ತಿಗೆ ತೆಗೆಯಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕರೆಂಟ್ ಹೋಯಿತು ಅಂತ ದೂರುವ ಪತ್ರಗಳು ನಿಮಗೆ ದಿನಾ ಬರುತ್ತವೆ. ಕರೆಂಟ್ ಹೋಗಲಿಲ್ಲ ಅಂತ ದೂರುವ ಪತ್ರ ಬಹುಶಃ ಇದೇ ಮೊದಲು ಇರಬೇಕು.

ಹೋದ ತಿಂಗಳ ಎರಡನೇ ರವಿವಾರ ನಿಮ್ಮ ಪತ್ರಿಕೆಯ ‘ವಿದ್ಯುತ್ ವ್ಯತ್ಯಯ’ ಪ್ರಕಟಣೆಯಲ್ಲಿ ಬೆಳಗಾವಿಯ ನಮ್ಮ ಖಾಸಬಾಗದ ಹೆಸರಿತ್ತು. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ, ದುರಸ್ತಿ ಕೆಲಸ. ಓದಿ ನನಗೆ ಹಬ್ಬ ಬಂದಷ್ಟು ಖುಷಿ. ಎಂಟು ಗಂಟೆಗೇ ನಾಷ್ಟಾ ಮುಗಿಸಿದೆ. ಗೋಡೆಗೆ ಎರಡು ಕೌದಿ ಕಟ್ಟಿದೆ. ರೆಕಾರ್ಡರ್‌ಗೆ ಹೊಸ ಸೆಲ್ ಹಾಕಿದೆ. ಗಿಟಾರ್ ಶ್ರುತಿ ಮಾಡಿಕೊಂಡು ಕುರ್ಚಿಯಲ್ಲಿ ಕೂತೆ. ಒಂಬತ್ತಾಯಿತು, ಹತ್ತಾಯಿತು. ಹನ್ನೊಂದಾದರೂ ಪಕ್ಕದ ಮನೆಯ ಮಗ್ಗಗಳು ಖಟಕ್ ಖಟಕ್ ಅನ್ನುತ್ತಲೇ ಇದ್ದವು. ಅವತ್ತು ಕರೆಂಟ್ ಹೋಗಲೇ ಇಲ್ಲ. ಮಂಗಳವಾರ ಮಧ್ಯಾಹ್ನ, ಯಾವ ಪ್ರಕಟಣೆಯೂ ಇಲ್ಲದೆ, ಮೂರು ತಾಸು ಹೋಯಿತಂತೆ. ಅಷ್ಟು ಹೊತ್ತಿಗೆ ನಾನು ಮಗಳ ಮನೆಗೆ ಹೊರಟು ಧಾರವಾಡದ ಬಸ್ಸಿನಲ್ಲಿದ್ದೆ.

ಇದೇನು ವಿಚಿತ್ರ ಹೆಂಗಸು ಅಂದುಕೊಳ್ಳಬೇಡಿ. ವಿಷಯ ಹೇಳುತ್ತೇನೆ.

ನನಗೆ ಈಗ 62. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. 1986ರಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಮ್ಮೂರಿನ ಕ್ಯಾಂಪ್ ಪ್ರದೇಶದಲ್ಲಿದ್ದ ಗೋವಾದ ಒಬ್ಬ ಹಿರಿಯರ ಹತ್ತಿರ ಗಿಟಾರ್ ಕಲಿಯಲು ಹೋದೆ. ಸರ್ ಅಂತಲೇ ಕರೆಯುತ್ತಿದ್ದೆವು. ಅವರು ಹರೆಯದಲ್ಲಿ ಮುಂಬೈ ಹೋಟೆಲುಗಳ ಬ್ಯಾಂಡಿನಲ್ಲಿ ಜಾಜ್ ನುಡಿಸಿದವರು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, 1930ರ ದಶಕದಲ್ಲೇ ಮುಂಬೈನ ತಾಜ್ ಹೋಟೆಲಿನಲ್ಲಿ ಜಾಜ್ ಬ್ಯಾಂಡ್‌ಗಳಿದ್ದವು. ಚರ್ಚಿನ ಶಾಲೆಗಳಲ್ಲಿ ಸ್ಟಾಫ್ ನೊಟೇಶನ್ (ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ) ಕಲಿತಿದ್ದ ಗೋವಾದವರಿಗೆ ಅಂಥ ಕಡೆ ಕೆಲಸ ಸಿಗುತ್ತಿತ್ತು. ಅವರಲ್ಲಿ ಬಹಳ ಜನ ಆಮೇಲೆ ಹಿಂದಿ ಸಿನಿಮಾದ ಆರ್ಕೆಸ್ಟ್ರಾ ಸೇರಿದರು. ನಮ್ಮ ಸರ್ ಸೇರಲಿಲ್ಲ. ಅಕ್ಕನ ಮನೆ ಇಲ್ಲಿದೆ ಅಂತ ಬೆಳಗಾವಿಗೆ ಬಂದು ಉಳಿದುಬಿಟ್ಟರು.

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿ ನಮ್ಮೂರಿಗೆ ಹತ್ತಿರ. ಅಂಥ ಸೀಮೆಯಲ್ಲಿ ಹುಟ್ಟಿ ತಾನಪುರಾ ಬಿಟ್ಟು ಇದೆಂಥಾ ಟಿಂಗ್ ಟಿಂಗ್ ಹಿಡಿದಿದ್ದೀ ಅಂತ ನಮ್ಮ ದೊಡ್ಡಪ್ಪ ಸಾಯುವ ತನಕ ಬೈಯುತ್ತಿದ್ದರು. ಇರಲಿ.

ಸರ್ ನುಡಿಸಿದ್ದನ್ನು 1989ರಲ್ಲಿ ಒಮ್ಮೆ ಕ್ಯಾಸೆಟ್ಟಿಗೆ ಹಿಡಿದೆ. ಈಗ ನನ್ನ ಹತ್ತಿರ ಉಳಿದಿರುವುದು ಅದೊಂದೇ. ಆಗಿನ ಟೇಪ್ ರೆಕಾರ್ಡರ್ ಸದ್ದಿನ ಮಟ್ಟವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿತ್ತು. ಗಟ್ಟಿ ಸದ್ದು ಬಂದರೆ ತಗ್ಗಿಸುತ್ತದೆ, ಸದ್ದು ಕಡಿಮೆಯಾದರೆ ಎತ್ತುತ್ತದೆ. ಭಾಷಣಕ್ಕೆ ಅದು ಸರಿ. ಗಿಟಾರಿಗೆ ಏನಾಯಿತು ಗೊತ್ತೇ? ಸರ್ ಒಂದು ಕಾರ್ಡ್, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ, ಮೀಟುತ್ತಾರೆ, ಅದು ಚೆನ್ನಾಗಿ ಕೇಳುತ್ತದೆ. ಆ ನಾದ ನಿಧಾನಕ್ಕೆ ಕರಗಬೇಕು, ಅದೇ ಅದರ ಸೊಗಸು. ಆದರೆ ಅದು ಕರಗುವಷ್ಟರಲ್ಲಿ ಮಷೀನು ಮಟ್ಟ ಏರಿಸುತ್ತದೆ, ಹಿಂದಿನಿಂದ ಸೀಲಿಂಗ್ ಫ್ಯಾನಿನ ಭರ್ ಭರ್ ಎದ್ದು ಬರುತ್ತದೆ. ಮತ್ತೆ ಕಾರ್ಡ್, ಫ್ಯಾನ್ ಮಾಯ. ಮತ್ತೆ ಮೌನ, ಫ್ಯಾನ್ ಹಾಜರು. 45 ನಿಮಿಷದ ಆ ಕ್ಯಾಸೆಟ್ ಪೂರ್ತಿ ಕೇಳಿದರೆ ಸರ್‌ಗಿಂತ ಫ್ಯಾನೇ ಜಾಸ್ತಿ ನುಡಿಸಿದ ಹಾಗಿದೆ. ಒಂದು ಸ್ವಿಚ್ ಒತ್ತಿದ್ದರೆ ಸಾಕಿತ್ತು. ಎದ್ದು ಫ್ಯಾನ್ ಆರಿಸುವುದು ನನಗೆ ಹೊಳೆಯಲೇ ಇಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅವರ ಗಿಟಾರ್ ನನಗೇ ಬಂತು. ನಡುವೆ ದುಂಡು ತೂತು ಇರುವ ಗಿಟಾರ್ ಅಲ್ಲ ಅದು. ಹೊಟ್ಟೆ ಸ್ವಲ್ಪ ಉಬ್ಬಿದೆ, ಎರಡೂ ಕಡೆ ಪಿಟೀಲಿನ ಹಾಗೆ ಎಫ್ ಆಕಾರದ ಸೀಳು. ಆರ್ಚ್‌ಟಾಪ್ ಅನ್ನುತ್ತಾರೆ. ಅದರಲ್ಲಿ ಸರ್ ಕಲಿಸಿದ ಹತ್ತಿಪ್ಪತ್ತು ಹಾಡುಗಳಿವೆ, ನನ್ನ ಬೆರಳು ನಡೆಯುವಷ್ಟು ದಿನ ಅವನ್ನು ನೆಟ್ಟಗೆ ರೆಕಾರ್ಡ್ ಮಾಡಿ ಇಡಬೇಕು ಅನ್ನುವುದು ನನ್ನ ಹಟ. ಅದಕ್ಕೇ ನಿವೃತ್ತಿಯಾದಾಗ ಮಗಳು ಕೈಯಗಲದ ಒಂದು ಡಿಜಿಟಲ್ ರೆಕಾರ್ಡರ್ ಕೊಡಿಸಿದಳು. ಮೇಲ್ಗಡೆ ಎರಡು ಪುಟ್ಟ ಮೈಕು, ಒಂದರ ಮೇಲೊಂದು ಅಡ್ಡಡ್ಡ ಕೂತಿವೆ. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ. ನಾನು ಮಾಡಿದ ಮೊದಲ ಕೆಲಸ ಅಂದರೆ ಆಟೋ ಲೆವೆಲ್ ಬಂದ್ ಮಾಡಿದ್ದು.

ಆದರೆ ಪಕ್ಕದ ಮನೆಯ ಮಗ್ಗಕ್ಕೆ ಯಾವ ಬಟನ್ನೂ ಇಲ್ಲ. ನಾವಿರುವುದು ನೇಕಾರರ ಓಣಿ. ನಮ್ಮ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಕಡೆ ನಾಲ್ಕು ಪವರ್‌ಲೂಮ್. ರೆಕಾರ್ಡರಿನಲ್ಲಿ ಲೋ ಕಟ್ ಅಂತ ಒಂದು ಸೌಲಭ್ಯ ಇದೆ, 80 ಹರ್ಟ್ಜ್‌ಗಿಂತ (ಅಂದರೆ ಸೆಕೆಂಡಿಗೆ 80 ಕಂಪನಕ್ಕಿಂತ) ಕೆಳಗಿನ ಗುಡುಗುಡು ಸದ್ದನ್ನು ಕಡಿಮೆ ಮಾಡುತ್ತದೆ. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಜ್ ಆಸುಪಾಸು. ಅದಕ್ಕಿಂತ ಮೇಲೆ ಕತ್ತರಿಸಿದರೆ ನನ್ನ ತಂತಿಯೇ ಬಡವಾಗುತ್ತದೆ. ಮೇಲಾಗಿ ನೆಲದಲ್ಲಿ ಬರುವ ಅದುರು ಒಂದು ಸದ್ದು, ಅಡ್ಡ ನೂಲು ಒಯ್ಯುವ ಲಾಳಿಗೆ ಬೀಳುವ ಏಟಿನ ಖಟಕ್ ಇನ್ನೊಂದು. ಈ ಖಟಕ್ ತಂತಿ ಮೀಟುವ ಸದ್ದಿನ ಜಾಗದಲ್ಲೇ ಬಂದು ಕೂರುತ್ತದೆ. ಅದನ್ನು ಯಾವ ಫಿಲ್ಟರೂ ಬೇರೆ ಮಾಡಿ ಕೊಡುವುದಿಲ್ಲ.

ದೂರು ಕೊಡಿ ಅಂದವರಿದ್ದಾರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಇದೆ, ಹೌದು. ಆದರೆ ಆ ಮಗ್ಗದ ಮೇಲೆ ಆರು ಜನರ ಊಟ ನಡೆಯುತ್ತದೆ. ನನ್ನ ಗಿಟಾರಿನ ಮೇಲೆ ಯಾರದೂ ನಡೆಯುವುದಿಲ್ಲ. ನಾನ್ಯಾಕೆ ದೂರು ಕೊಡಲಿ?

ನಿಜ ಹೇಳಬೇಕೆಂದರೆ ಅಭ್ಯಾಸಕ್ಕೆ ಮಗ್ಗ ಚಲೋ ಜೊತೆ. ಒಂದು ದಿನ ಕೈಗಡಿಯಾರ ಹಿಡಿದು ಎಣಿಸಿದೆ. ಒಂದೇ ಮಗ್ಗ ನಡೆಯುವಾಗ ನಿಮಿಷಕ್ಕೆ 132 ಏಟು. ಜಾಜ್‌ಗೆ ಹದವಾದ ನಡೆ ಅದು. ಅಮೆರಿಕದ ಕೌಂಟ್ ಬೇಸಿ ಅವರ ಜಾಜ್ ಬ್ಯಾಂಡಿನಲ್ಲಿ ಫ್ರೆಡ್ಡಿ ಗ್ರೀನ್ ಅಂತ ಒಬ್ಬ ಗಿಟಾರ್ ವಾದಕರಿದ್ದರು. 1937ರಲ್ಲಿ ಸೇರಿದವರು 1987ರಲ್ಲಿ ತೀರಿಕೊಳ್ಳುವವರೆಗೂ ಇಂಥದೇ ಆರ್ಚ್‌ಟಾಪಿನಲ್ಲಿ ತಾಳದ ನಾಲ್ಕು ಏಟಿಗೆ ನಾಲ್ಕು ಕಾರ್ಡ್ ಮೀಟುತ್ತಾ ಕೂತರು. ಸೋಲೋ ಅಂತ ಮುಂದೆ ಬಂದದ್ದೇ ಅಪರೂಪ. ಪಕ್ಕದ ಮಗ್ಗದ ಜೊತೆ ನುಡಿಸುವಾಗ ನನಗೆ ಅವರ ನೆನಪಾಗುತ್ತದೆ. ನಾಲ್ಕೂ ಮಗ್ಗ ಶುರುವಾದರೆ ಮಾತ್ರ ಒಂದಕ್ಕೊಂದು ತಾಳ ಕೂಡದೆ ನನ್ನ ಲೆಕ್ಕ ತಪ್ಪುತ್ತದೆ.

ಹಾಗಾಗಿ ರೆಕಾರ್ಡಿಂಗ್ ಮಾಡಲು ನನಗಿರುವುದು ಕರೆಂಟ್ ಇಲ್ಲದ ಹೊತ್ತು ಮಾತ್ರ. ಕರೆಂಟ್ ಹೋದ ಮೊದಲ ನಿಮಿಷ ಸುಮ್ನೆ ಕೂತು ಕೇಳಿ ನೋಡಿ. ಮಗ್ಗ ನಿಂತಿರುತ್ತದೆ. ಫ್ಯಾನು, ಫ್ರಿಜ್ಜು, ಟ್ಯೂಬ್‌ಲೈಟಿನ ಚೋಕು, ಮೇಲಿನ ಮನೆಯ ಮಿಕ್ಸರು, ನೀರಿನ ಮೋಟಾರು, ಎಲ್ಲಾ ಒಟ್ಟಿಗೇ ಬಾಯಿ ಮುಚ್ಚಿರುತ್ತವೆ. ಇಷ್ಟು ಸದ್ದಿನಲ್ಲಿ ನಾವಿದ್ದೆವಾ ಅಂತ ಗೊತ್ತಾಗುವುದು ಆವಾಗಲೇ. ಸೆಲ್ ಹಾಕಿದ ನನ್ನ ರೆಕಾರ್ಡರ್ ಮಾತ್ರ ಕೆಂಪು ದೀಪ ಉರಿಸಿಕೊಂಡು ಕೂತಿರುತ್ತದೆ. ಇತ್ತೀಚೆಗೆ ಎದುರು ಮನೆಯವರು ಇನ್ವರ್ಟರ್ ಹಾಕಿಸಿದ್ದಾರೆ, ಅದರದೊಂದು ಗುಂಯ್ ಇದೆ. ಆ ಕಡೆಯ ಕಿಟಕಿ ಮುಚ್ಚಿದರೆ ಅಷ್ಟು ತೊಂದರೆಯಿಲ್ಲ.

ಮಳೆಗಾಲದಲ್ಲಿ ಬೇಕಾದಷ್ಟು ಸಲ ಹೋಗುತ್ತದಲ್ಲ, ಆಗ ಮಾಡಿಕೊಳ್ಳಿ ಅನ್ನಬಹುದು. ಬೆಳಗಾವಿ ಮಳೆ ನಿಮಗೆ ಗೊತ್ತಲ್ವಾ? ನಮ್ಮ ಅಂಗಳಕ್ಕೆ ತಗಡು ಹೊದಿಸಿದೆ. ಅದರ ಮೇಲೆ ಮಳೆ ಬಿದ್ದರೆ ನನ್ನ ಗಿಟಾರ್ ನನಗೇ ಕೇಳುವುದಿಲ್ಲ. ಮಳೆಯಿಲ್ಲದ ದಿನ ಕರೆಂಟ್ ಹೋಗಬೇಕು, ಮುಂಚೆ ಗೊತ್ತಾಗಿ ಹೋಗಬೇಕು. ಅಂಥದ್ದು ಸಿಗುವುದು ನಿಮ್ಮ ಆ ಪುಟ್ಟ ಪ್ರಕಟಣೆಯಲ್ಲಿ ಮಾತ್ರ.

ಮುಂಚೆ ಯಾಕೆ ಗೊತ್ತಾಗಬೇಕು ಅಂದರೆ, ತಯಾರಿಗೇ ಒಂದು ತಾಸು ಬೇಕು. ಬರಿ ಗೋಡೆಯ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಟರ್ ಅಂತ ಮರುದನಿ ಬರುತ್ತದೆ. ಕೌದಿ ಕಟ್ಟಿದ ಮೇಲೆ ಅದೇ ಚಪ್ಪಾಳೆ ಒಣಗಿದ ಹಾಗೆ ಕೇಳುತ್ತದೆ. ನಮ್ಮ ಅವ್ವ ಹಳೇ ಸೀರೆಗಳಿಂದ ಹೊಲಿದ ದಪ್ಪ ಕೌದಿ, ಅದರಷ್ಟು ಸದ್ದು ಹೀರುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ನನ್ನ ಬೆನ್ನ ಹಿಂದೆ ಒಂದು, ರೆಕಾರ್ಡರಿನ ಹಿಂದೆ ಒಂದು. ಮೂಲೆಯಲ್ಲಿ ಕೂರಬಾರದು, ದಪ್ಪ ತಂತಿಯ ಸದ್ದು ಅಲ್ಲಿ ಊದಿಕೊಳ್ಳುತ್ತದೆ.

ಒಂದು ಕಥೆ ಹೇಳಲೇಬೇಕು. ಐದನೇ ತಂತಿಯನ್ನು ಸುಮ್ನೆ ಮೀಟಿದರೆ ಸಾಕು, ಎಲ್ಲಿಂದಲೋ ಝಿರ್ ಅನ್ನುತ್ತಿತ್ತು. ಗಿಟಾರಿನದೇ ರೋಗ ಅಂದುಕೊಂಡು ಎರಡು ವಾರ ತಂತಿ ಬದಲಿಸಿದೆ, ತಂತಿಗಳನ್ನು ಹೊರುವ ಬ್ರಿಜ್ ಎತ್ತಿಸಿದೆ. ಕೊನೆಗೆ ನೋಡಿದರೆ ಕೋಣೆಯಲ್ಲಿದ್ದ ಕಬ್ಬಿಣದ ಕಪಾಟಿನ ಬಾಗಿಲು! ಆ ಒಂದು ಸ್ವರಕ್ಕೆ ಮಾತ್ರ ಅದು ಅದುರುತ್ತಿತ್ತು. ನಿಮ್ಮದೇ ಪತ್ರಿಕೆಯ ಒಂದು ಹಾಳೆಯನ್ನು ಎಂಟು ಮಡಿಕೆ ಮಾಡಿ ಬಾಗಿಲ ಸಂದಿಗೆ ಸಿಕ್ಕಿಸಿದೆ. ಅವತ್ತಿನಿಂದ ತೆಪ್ಪಗಿದೆ. ಪತ್ರಿಕೆಯ ಉಪಕಾರ ಅದೊಂದೇ ಅಲ್ಲ, ಆದರೂ ಹೇಳಿದೆ.

ರೆಕಾರ್ಡರನ್ನು ಮೇಜಿನ ಮೇಲೆ ಇಡುವುದಿಲ್ಲ, ಪಾದ ಅಲುಗಿದರೂ ಧಡ್ ಅನ್ನುತ್ತದೆ. ಮೂರು ಕಾಲಿನ ಸಣ್ಣ ಸ್ಟ್ಯಾಂಡಿಗೆ ಹಾಕಿ ಗಿಟಾರಿನ ಕುತ್ತಿಗೆ ಹೊಟ್ಟೆಗೆ ಸೇರುವ ಜಾಗದ ಕಡೆ ಮುಖ ಮಾಡಿ, ಒಂದು ಗೇಣಿಗಿಂತ ಜಾಸ್ತಿ, ಒಂದು ಮೊಳಕ್ಕಿಂತ ಕಡಿಮೆ ದೂರದಲ್ಲಿ ಇಡುತ್ತೇನೆ. ತೀರಾ ಹತ್ತಿರ ಇಟ್ಟರೆ ದಪ್ಪ ತಂತಿ ಗೊಗ್ಗರು, ಬೆರಳು ಜಾರುವ ಕೀಚು ಸದ್ದು ಬೇರೆ. ದೂರ ಇಟ್ಟರೆ ಈ ಸಣ್ಣ ಮೈಕುಗಳ ಸ್ವಂತ ಸುಯ್ ಸದ್ದು ಕೇಳತೊಡಗುತ್ತದೆ. ಅತಿ ಗಟ್ಟಿ ಕಾರ್ಡ್ ಬಾರಿಸಿದಾಗ ಮೀಟರು ಮೈನಸ್ 12 ಡೆಸಿಬಲ್ ಹತ್ತಿರ ಬಂದರೆ ಸಾಕು, ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ. 24 ಬಿಟ್, 48 ಕಿಲೋಹರ್ಟ್ಜ್, ಸದ್ದನ್ನು ಹಿಂಡದೆ ಪೂರ್ತಿ ಇಡುವ ವೇವ್ ಫೈಲ್. ತಾಸಿಗೆ ಒಂದು ಜಿಬಿ ಹಿಡಿಯುತ್ತದೆ, ಹಿಡಿಯಲಿ. ಇಷ್ಟಕ್ಕೆ ಸ್ಟುಡಿಯೋ ಬಾಡಿಗೆ ಕೊಡಬೇಕಾ?

ತಂತಿ ಮೀಟುವ ಚಪ್ಪಟೆ ಚೂರಿಗೆ ಪಿಕ್ ಅನ್ನುತ್ತಾರೆ, ನಾನು ಅದನ್ನು ಬಳಸುವುದಿಲ್ಲ, ಹೆಬ್ಬೆರಳಿನಿಂದಲೇ ಮೀಟುತ್ತೇನೆ. ಅಮೆರಿಕದ ಜಾಜ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ಹಗಲು ಕಾರ್ಖಾನೆಯಲ್ಲಿ ದುಡಿದು ರಾತ್ರಿ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರಂತೆ. ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂತ ಪಿಕ್ ಬಿಟ್ಟು ಹೆಬ್ಬೆರಳಿಗೆ ಇಳಿದರು. ಆ ಮೆತ್ತನೆ ದನಿಯೇ ಆಮೇಲೆ ಅವರ ಗುರುತಾಯಿತು. ನಮ್ಮ ಓಣಿಯಲ್ಲಿ ಇದು ಉಲ್ಟಾ. ನಾನು ಎಷ್ಟು ಗಟ್ಟಿ ಬಾರಿಸಿದರೂ ಪಕ್ಕದವರಿಗೆ ಕೇಳುವುದಿಲ್ಲ.

ಪಕ್ಕದ ಮನೆಯವರಿಗೆ ನನ್ನ ಈ ಹುಚ್ಚು ಗೊತ್ತು. ಕರೆಂಟ್ ಹೋದ ಕೂಡಲೇ ಕಟ್ಟೆಯ ಮೇಲೆ ಬಂದು ಕೂತು, “ಅಕ್ಕಾರ, ಹೋತು ನೋಡ್ರಿ, ನಿಮ್ಮದು ಚಾಲೂ ಮಾಡ್ರಿ” ಅಂತ ಕೂಗುತ್ತಾರೆ. ಆ ಕೂಗು ಎಷ್ಟೋ ರೆಕಾರ್ಡಿಂಗಿನ ಶುರುವಿನಲ್ಲಿದೆ. ನಗುತ್ತಲೇ ಕೂಗುತ್ತಾರೆ, ಆದರೆ ಮಗ್ಗ ನಿಂತಷ್ಟು ಹೊತ್ತು ಅವರ ಕೂಲಿಯೂ ನಿಂತಿರುತ್ತದೆ. ಸೀರೆ ಇಳಿದರೆ ತಾನೇ ದುಡ್ಡು. ಅದು ನೆನಪಾದಾಗ ನನ್ನ ಖುಷಿಗೆ ನಾಚಿಕೆಯಾಗುತ್ತದೆ.

ಅದಕ್ಕೇ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಕರೆಂಟ್ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ತೆಗೆಯುವುದಾದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ತೆಗೆಯಲಿ. ಇದು ನನ್ನೊಬ್ಬಳ ಮಾತಲ್ಲ. ಮಗ್ಗದಲ್ಲಿ ಉದ್ದಕ್ಕೆ ಹಾಕುವ ನೂಲಿಗೆ ಹಾಸು ಅನ್ನುತ್ತಾರೆ. ಹೊಸ ಹಾಸಿನ ಎಳೆಗಳನ್ನು ಹಳೆಯದಕ್ಕೆ ಜೋಡಿಸುವುದು ಕೈಕೆಲಸ, ಅದಕ್ಕೆ ಕರೆಂಟ್ ಬೇಡ. ಅದು ಪೂರ್ತಿ ಒಂದು ಹೊತ್ತಿನ ಕೆಲಸ. ರವಿವಾರ ಕರೆಂಟ್ ಇರುವುದಿಲ್ಲ ಅಂತ ಖಾತ್ರಿಯಿದ್ದರೆ ನಮ್ಮ ಓಣಿಯವರು ಅದನ್ನು ಅವತ್ತಿಗೆ ಇಟ್ಟುಕೊಳ್ಳುತ್ತಾರೆ. ಹೋದ ತಿಂಗಳು ಪಕ್ಕದ ಮನೆಯವರು ಹಾಗೇ ಇಟ್ಟುಕೊಂಡಿದ್ದರು. ಕರೆಂಟ್ ಹೋಗಲಿಲ್ಲ ಅಂತ ಅದನ್ನು ಬಿಟ್ಟು ಮಗ್ಗ ನಡೆಸಿದರು. ಮಂಗಳವಾರ ನಡುವೆ ನಿಂತಿತು, ಸಹಾಯಕ್ಕೆ ಕರೆದಿದ್ದ ಹೆಣ್ಣುಮಗಳು ಅವತ್ತು ಊರಲ್ಲೇ ಇರಲಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟು. ಈ ಪ್ರಕಟಣೆ ಒಂದು ದಿನ ಮೂರನೇ ಪುಟದಲ್ಲಿ, ಇನ್ನೊಂದು ದಿನ ನಿಧನವಾರ್ತೆಯ ಕೆಳಗೆ ಇರುತ್ತದೆ. ದಯವಿಟ್ಟು ಒಂದೇ ಜಾಗದಲ್ಲಿ ಹಾಕಿ. ‘ಖಾಸಬಾಗ ಹಾಗೂ ಸುತ್ತಮುತ್ತ’ ಅಂದರೆ ಯಾರಿಗೆ ತಿಳಿಯಬೇಕು? ಓಣಿಗಳ ಹೆಸರು ಕೇಳಿ ಪಡೆದು ಹಾಕಿ. ದುರಸ್ತಿ ಮುಂದಕ್ಕೆ ಹೋದರೆ ಅದನ್ನೂ ತಿಳಿಸುವಂತೆ ಸಂಬಂಧಪಟ್ಟವರಿಗೆ ನೀವೇ ಒಂದು ಮಾತು ಹೇಳಿದರೆ ನಡೆಯುತ್ತದೆ. ನಾವು ಫೋನ್ ಮಾಡಿದರೆ ಎತ್ತುವುದಿಲ್ಲ.

ಬರುವ ರವಿವಾರದ ಪಟ್ಟಿಯಲ್ಲಿ ನಮ್ಮ ಓಣಿ ಮತ್ತೆ ಇದೆ ಅಂತ ಲೈನ್‌ಮನ್ ಹೇಳಿ ಹೋಗಿದ್ದಾನೆ. ಕೌದಿ ಒಗೆದು ಒಣಹಾಕಿದ್ದೇನೆ. ಪಕ್ಕದ ಮನೆಯಲ್ಲೂ ಹೊಸ ಹಾಸು ತಂದು ಇಟ್ಟಿದ್ದಾರೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ
ಖಾಸಬಾಗ, ಬೆಳಗಾವಿ